ಇಪ್ಪತ್ತಮೂರು ಖಾಲಿ ಸಾಲು

"ನಾಲ್ಕನೇ ಭಾಗ ಅಂತ ಒಂದಿತ್ತಾ?" ಎಂದು ಆಪರೇಟರ್ ಕೇಳಿದಾಗ ಊಟದ ಕೋಣೆಯಲ್ಲಿದ್ದವರೆಲ್ಲ ನಕ್ಕರು. ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ ಅಚ್ಚುಕಟ್ಟಮ್ಮನೂ ನಕ್ಕಳು.

ಹಿಂದಿನ ದಿನ ಸಂಜೆ ಇಲಾಖಾ ಪರೀಕ್ಷೆಯ ಫಲಿತಾಂಶ ಭಾಗವಾರು ಅಂಕಗಳೊಂದಿಗೆ ಹೊರಗಿನ ಫಲಕಕ್ಕೆ ಬಿದ್ದಿತ್ತು. ದಾಖಲೆ ವಿಭಾಗದ ಸಹಾಯಕ, ಒಂದೇ ಹುದ್ದೆ, ಬರೆದವರು ಏಳು ಜನ. ನೂರಕ್ಕೆ ಅರವತ್ತು ಬಂದರೆ ಪಾಸು. ಟಪಾಲು ಗುಮಾಸ್ತನಿಗೆ ಅರವತ್ತೊಂದು ಬಂದಿತ್ತು. ಆಪರೇಟರಿಗೆ ಐವತ್ನಾಲ್ಕು.

"ಅದೇ ಕಣ್ರೀ ಸುಲಿದ ಬಾಳೆಹಣ್ಣು," ಎಂದ ಟಪಾಲು ಗುಮಾಸ್ತ. "ಕಡತ ಹೇಗೆ ಜೋಡಿಸ್ಬೇಕು, ಯಾವುದನ್ನ ಎಷ್ಟು ವರ್ಷ ಇಟ್ಕೋಬೇಕು, ಅಷ್ಟೇ. ನಮ್ಮನೆ ಬೆಕ್ಕನ್ನ ಕೂರಿಸಿದ್ರೂ ಹದಿನೈದು ತಗೋತಿತ್ತು."

"ನಾನು ಕೇಳಿದ ಪೇಪರಲ್ಲಿ ಮೂರೇ ಭಾಗ ಇದ್ದಿದ್ದು."

"ನಿಮ್ಮ ಚಿಕ್ಕಮ್ಮ ಜೋಗುಳ ಹಾಡಿ ಮಲಗಿಸಿರ್ಬೇಕು ಬಿಡಿ."

ಮತ್ತೆ ನಗು. ಆಪರೇಟರ್ ಕೂಡ ನಕ್ಕ, ಆದರೆ ಒಂದು ಕ್ಷಣ ತಡವಾಗಿ. ಆಮೇಲೆ ತಟ್ಟೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ ತುತ್ತು ಕಲಸಿಕೊಂಡ.

ಆತನಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ಹದಿನೆಂಟು ವರ್ಷದಿಂದ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಕೂತು ಕಚೇರಿಗೆ ಬಂದ ಫೋನುಗಳನ್ನು ಆಯಾ ಮೇಜಿಗೆ ದಾಟಿಸುವುದು ಅವನ ಕೆಲಸ. ಮೂರು ವರ್ಷದ ಹಿಂದೆ ಅವನಿಗೊಂದು ಕಂಪ್ಯೂಟರು ಕೊಟ್ಟು, ಪರದೆಯ ಮೇಲಿರುವುದನ್ನು ಓದಿ ಹೇಳುವ ದನಿಯೊಂದನ್ನು ಅದರಲ್ಲಿ ಹಾಕಿಸಿದ್ದರು. ಏರಿಳಿತವಿಲ್ಲದೆ, ಬಿಡುವಿಲ್ಲದೆ, ಬೇಕಾದ್ದನ್ನೂ ಬೇಡವಾದ್ದನ್ನೂ ಒಂದೇ ಸಮ ಹೇಳುವ ಆ ಹೆಣ್ಣುದನಿಗೆ ಅವನೇ ಚಿಕ್ಕಮ್ಮ ಎಂದು ಹೆಸರಿಟ್ಟಿದ್ದ. ಹಿಂದೆ ಎರಡು ಸಲ ಬರೆದಾಗ ಪಕ್ಕದಲ್ಲಿ ಯಾರೋ ಕೂತು ಪ್ರಶ್ನೆ ಓದಿ, ಅವನು ಹೇಳಿದ್ದನ್ನು ತಮಗೆ ತಿಳಿದಂತೆ ಬರೆದಿದ್ದರು. ಈ ಸಲ ಮೊದಲ ಬಾರಿಗೆ ಪ್ರಶ್ನೆಪತ್ರಿಕೆಯನ್ನು ಫೈಲಾಗಿ ಕೊಟ್ಟು, ಉತ್ತರವನ್ನು ಅವನೇ ಟೈಪ್ ಮಾಡಬಹುದು ಎಂದಿದ್ದರು. ಆ ಸುದ್ದಿ ಬಂದ ದಿನ ಅವನು ಒಳಸಂಪರ್ಕದ ಫೋನಿನಲ್ಲಿ ಮೊದಲು ಹೇಳಿದ್ದು ಅಚ್ಚುಕಟ್ಟಮ್ಮನಿಗೆ. "ಅಕ್ಕಾ, ಈ ಸಲ ನಾನು, ಚಿಕ್ಕಮ್ಮ ಇಬ್ರೇ. ನಡುವೆ ಯಾರೂ ಇಲ್ಲ."

ಅವಳಿಗೆ ಅಚ್ಚುಕಟ್ಟಮ್ಮ ಎಂಬ ಹೆಸರು ಬಿದ್ದು ಇಪ್ಪತ್ತು ವರ್ಷವಾಗಿತ್ತು. ಕಚೇರಿಯ ಹಿರಿಯ ಟೈಪಿಸ್ಟ್. ಕಬ್ಬಿಣದ ಟೈಪುಯಂತ್ರದ ಮೇಲೆ ಕಲಿತವಳು. ಆಗ ಹಾಳೆಯಲ್ಲಿ ಖಾಲಿ ಜಾಗ ಬೇಕೆಂದರೆ ಉದ್ದ ಕೀಲಿಯನ್ನು ಒತ್ತಬೇಕು, ಕೆಳಗೆ ಹೋಗಬೇಕೆಂದರೆ ಉರುಳೆ ತಿರುಗಿಸಬೇಕು, ಬೇರೆ ದಾರಿಯಿರಲಿಲ್ಲ. ಕಂಪ್ಯೂಟರು ಬಂದ ಮೇಲೂ ಅವಳ ಬೆರಳು ಅದೇ ಲೆಕ್ಕದಲ್ಲಿ ಓಡಿತು. ಶೀರ್ಷಿಕೆ ಗಂಭೀರವಾಗಿ ಕಾಣಲೆಂದು ಅಕ್ಷರ ಅಕ್ಷರಕ್ಕೂ ನಡುವೆ ಒಂದೊಂದು ಜಾಗ. ಮುಖ್ಯ ಸೂಚನೆಗಳಿಗೆ ಸುತ್ತ ಗೆರೆಯ ಚೌಕ. ಹೊಸ ಭಾಗ ಹೊಸ ಪುಟದಿಂದ ಶುರುವಾಗಬೇಕೆಂದರೆ ಅದು ಪುಟ ದಾಟುವವರೆಗೆ ಎಂಟರ್ ಕೀಲಿ. ಮುದ್ರಿಸಿದ ಹಾಳೆಯನ್ನು ಕಿಟಕಿಗೆ ಹಿಡಿದು, ಮುಂದಿನ ಪುಟದ ಅಂಚಿನೊಂದಿಗೆ ಇದರ ಅಂಚು ಕೂಡುತ್ತದೆಯೇ ಎಂದು ನೋಡದೆ ಅವಳು ಯಾವ ಕಾಗದವನ್ನೂ ಹೊರಗೆ ಬಿಟ್ಟವಳಲ್ಲ. ಬೇರೆ ಶಾಖೆಯವರು ಕೂಡ ಅವಳ ಸುತ್ತೋಲೆಯನ್ನು ಮಾದರಿಯೆಂದು ಇಟ್ಟುಕೊಳ್ಳುತ್ತಿದ್ದರು.

ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಟೈಪ್ ಮಾಡಿದವಳೂ ಅವಳೇ. ಸೂಪರಿಂಟೆಂಡೆಂಟರ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಒಂದು ಮಧ್ಯಾಹ್ನ. ಗುಟ್ಟಿನ ಕೆಲಸವಾದ್ದರಿಂದ ಅವರಿಬ್ಬರ ಹೊರತು ಯಾರಿಗೂ ಗೊತ್ತಿರಲಿಲ್ಲ.

ಊಟ ಮುಗಿಸಿ ಮೇಜಿಗೆ ಬಂದ ಹತ್ತು ನಿಮಿಷಕ್ಕೆ ಫೋನು ಗುಂಯ್ಗುಟ್ಟಿತು.

"ಅಕ್ಕಾ, ಆ ಪ್ರಶ್ನೆಪತ್ರಿಕೆ ಫೈಲು ಸಿಗುತ್ತಾ? ಪರೀಕ್ಷೆ ಮುಗೀತಲ್ಲ, ಇನ್ನೇನು ಗುಟ್ಟು. ಒಂದ್ಸಲ ಕೇಳ್ಬೇಕಿತ್ತು."

"ಸಾಹೇಬ್ರನ್ನ ಕೇಳಿ ತರ್ತೀನಿ ಕಣಪ್ಪ."

ಪಾಪ, ಸಮಾಧಾನಕ್ಕೆ ಕೇಳುತ್ತಾನೆ ಎಂದುಕೊಂಡೇ ಅವಳು ಸಾಹೇಬರಿಂದ ಫೈಲು ಪಡೆದು ಮೆಟ್ಟಿಲಿಳಿದಳು. ಕೋಣೆ ಎಷ್ಟು ಚಿಕ್ಕದೆಂದರೆ ಎರಡನೆಯವರು ಬಂದರೆ ಬಾಗಿಲು ಅರ್ಧ ತೆರೆದೇ ಇರಬೇಕು. ಅವನು ಎಡಗಿವಿಯ ಮೇಲೆ ಅಂಗೈ ಒತ್ತಿ ಕೂತಿದ್ದ. ಇತ್ತೀಚೆಗೆ ಬಿಡುವಾದಾಗಲೆಲ್ಲ ಅವನು ಹಾಗೆ ಮಾಡುತ್ತಿದ್ದ. ಹದಿನೆಂಟು ವರ್ಷ ಹೆಡ್‌ಫೋನು ಹಾಕಿ ಆ ಕಿವಿಯಲ್ಲಿ ಸದಾ ಒಂದು ಸಿಳ್ಳೆ. ಆ ಯಂತ್ರವನ್ನು ಕಿವಿಯಿಂದ ಇಳಿಸದಿದ್ದರೆ ಇರುವುದೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ದಾಖಲೆ ವಿಭಾಗದ ಕೆಲಸಕ್ಕೆ ಅವನು ಅಷ್ಟು ಓದಿದ್ದು ಅದಕ್ಕೇ.

ಎಂದಿನಂತೆ ಕಿವಿಗೆ ಹಾಕಿಕೊಳ್ಳುವ ಬದಲು ಅವನು ತಂತಿ ಕಿತ್ತು ಚಿಕ್ಕಮ್ಮನ ದನಿಯನ್ನು ಹೊರಗೆ ಬಿಟ್ಟ. "ನೀವೂ ಕೇಳಿ, ಅಕ್ಕಾ. ನಾನು ಏನಾದ್ರೂ ತಪ್ಪಿಸಿದ್ರೆ ಹೇಳಿ."

ಅವಳು ತನ್ನ ಕೈಕೆಲಸವನ್ನು ಕಿವಿಯಿಂದ ಕೇಳಿದ್ದು ಅದೇ ಮೊದಲು.

ಮೊದಲ ಪುಟದ ಮೇಲಿನ ಚೌಕದಲ್ಲಿ ಅವಳು ದಪ್ಪಕ್ಷರದಲ್ಲಿ ಕೂರಿಸಿದ್ದ ಸೂಚನೆ, ನಾಲ್ಕು ಭಾಗಗಳಿವೆ, ಎಲ್ಲಕ್ಕೂ ಉತ್ತರಿಸಿ, ಒಟ್ಟು ನೂರು ಅಂಕ, ಅದು ಬರಲೇ ಇಲ್ಲ. ದನಿ ಅದನ್ನು ಹಾರಿ ನೇರ ಕೆಳಗಿಳಿಯಿತು. "ಭಾ. ಗ. ಒಂ. ದು." ಬಾಲವಾಡಿಯ ಮಗು ಬೆರಳಿಟ್ಟು ಓದಿದಂತೆ. ಆಮೇಲೆ ಪ್ರಶ್ನೆಗಳು. ಭಾಗ ಎರಡು. ಭಾಗ ಮೂರು. ಹದಿನೈದನೇ ಪ್ರಶ್ನೆ ಮುಗಿಯಿತು. ಅವನು ಕೆಳಮುಖ ಬಾಣದ ಕೀಲಿ ಒತ್ತಿದ.

"ಖಾಲಿ," ಎಂದಿತು ದನಿ.

ಮತ್ತೆ ಒತ್ತಿದ. "ಖಾಲಿ."

"ಖಾಲಿ. ಖಾಲಿ. ಖಾಲಿ."

"ಹತ್ತು ಹನ್ನೆರಡು ಸಲ ಒತ್ತಿದೆ ಅಕ್ಕಾ ಅವತ್ತು," ಎಂದ. "ಕಾಗದ ಮುಗಿದ ಮೇಲೆ ಹೀಗೇ ಬರುತ್ತಲ್ಲ, ಸಹಿಗೆ ಜಾಗ ಬಿಟ್ಟಿರ್ತಾರಲ್ಲ, ಹಾಗೆ ಅಂದ್ಕೊಂಡೆ. ಎಪ್ಪತ್ತೈದೇ ಅಂಕ ಆಯ್ತಲ್ಲ ಅಂತ ಅನುಮಾನ ಬಂತು. ಉಳಿದ ಇಪ್ಪತ್ತೈದು ಸೇವೆಗೆ ಕೊಡ್ತಾರೇನೋ ಅಂದ್ಕೊಂಡು ಕಂಪ್ಯೂಟರು ಮುಚ್ಚಿ ಎದ್ದುಬಂದೆ."

ಮಾತಾಡುತ್ತಲೇ ಅವನು ಕೀಲಿ ಒತ್ತುತ್ತಿದ್ದ. ಅವಳು ಮನಸ್ಸಿನಲ್ಲೇ ಎಣಿಸುತ್ತಿದ್ದಳು, ಎಣಿಸದಿರಲು ಆಗಲಿಲ್ಲ. ಇಪ್ಪತ್ತೊಂದು. ಇಪ್ಪತ್ತೆರಡು. ಇಪ್ಪತ್ತಮೂರನೆಯ ಖಾಲಿಯ ನಂತರ ದನಿ, ಏನೂ ಆಗಿಲ್ಲವೆಂಬಂತೆ, "ಭಾ. ಗ. ನಾ. ಲ್ಕು," ಎಂದಿತು.

ಅವನ ಬೆರಳು ಕೀಲಿಯ ಮೇಲೆ ಹಾಗೇ ನಿಂತಿತು. ಫೋನಿನ ಫಲಕದ ಮೇಲೆ ಒಂದು ಕರೆಯ ದೀಪ ಹತ್ತಿ, ಗಂಟೆ ಬಾರಿಸಿ, ತಾನಾಗಿ ಆರಿತು. ಅವನು ಕರೆ ಬಿಟ್ಟದ್ದನ್ನು ಅವಳು ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ.

"ಇದನ್ನ ಯಾರು ಟೈಪ್ ಮಾಡಿದ್ದು, ಅಕ್ಕಾ?"

ಅವಳ ಬಾಯಿ ಅವಳನ್ನು ಕೇಳದೆಯೇ ಉತ್ತರ ಕೊಟ್ಟಿತು. "ಪರೀಕ್ಷೆದೆಲ್ಲ ಹೊರಗಡೆ ಮಾಡಿಸ್ತಾರಪ್ಪ. ನಮಗೆಲ್ಲಿ ಗೊತ್ತಾಗುತ್ತೆ."

"ಓ."

"ಹೂಂ."

ಅವನು ಕೀಲಿಯಿಂದ ಬೆರಳು ತೆಗೆದ. ಆಮೇಲೆ, "ಹದಿನೈದು ದಿನದೊಳಗೆ ಆಕ್ಷೇಪಣೆ ಕೊಡಬಹುದಂತೆ. ಕೊಡಲಾ? ಏನಂತೀರಿ?" ಎಂದು ಅವಳ ಕಡೆ ಮುಖ ತಿರುಗಿಸಿದ. ಅವಳು ಎಲ್ಲಿ ನಿಂತಿದ್ದಾಳೆಂದು ಅವನಿಗೆ ಯಾವಾಗಲೂ ಕರಾರುವಾಕ್ಕಾಗಿ ಗೊತ್ತಿರುತ್ತಿತ್ತು.

ಕೊಡು ಎಂದರೆ ಯಾರು ಮಾಡಿದ್ದು ಎಂದು ವಿಚಾರಿಸುತ್ತಾರೆ. ಸೂಪರಿಂಟೆಂಡೆಂಟರು ಅವಳನ್ನು ಕರೆಸುತ್ತಾರೆ. ಊಟದ ಕೋಣೆಯಲ್ಲಿ ಅಚ್ಚುಕಟ್ಟಮ್ಮನ ಅಚ್ಚುಕಟ್ಟು ನಾಲ್ಕು ಜನರ ಬಾಯಿಗೆ ಬೀಳುತ್ತದೆ. ಇಷ್ಟೆಲ್ಲ ಅವಳಿಗೆ ಒಂದೇ ಉಸಿರಿನಲ್ಲಿ ಕಂಡಿತು.

"ಯಾಕೆ ಸುಮ್ನೆ," ಎಂದಳು. "ಎಲ್ರಿಗೂ ಕಂಡಿದ್ದು ನಿನಗೆ ಕಾಣ್ಲಿಲ್ವಾ ಅಂತಾರೆ. ಸಬೂಬು ಅಂತಾರೆ. ಬರೋ ವರ್ಷ ಇದ್ದೇ ಇದೆಯಲ್ಲ."

"ಕಾಣ್ಲಿಲ್ವಾ ಅಂತಾರೆ," ಎಂದು ಅವನು ಮೆಲ್ಲಗೆ ಹೇಳಿಕೊಂಡ. "ಆಯ್ತಕ್ಕಾ. ನೀವು ಹೇಳಿದ ಮೇಲೆ ಸರಿ."

ಮೆಟ್ಟಿಲು ಹತ್ತುವಾಗ ಅವಳಿಗೆ ಮೈ ಹಿಡಿಯಷ್ಟಾಗಿತ್ತು. ಗೊತ್ತಿಲ್ಲದೆ ಆದ ತಪ್ಪು ಎಂದು ಹೇಳಿಕೊಳ್ಳಲು ನೋಡಿದಳು. ಆದರೆ ಗೊತ್ತಿರಲಿಲ್ಲವೇ? ಎರಡು ವರ್ಷದ ಹಿಂದೆ ಅವನೇ ಒಂದು ದಿನ, "ಅಕ್ಕಾ, ನಿಮ್ಮ ಸುತ್ತೋಲೆ ತುಂಬ ಖಾಲಿ ಖಾಲಿ," ಎಂದಿದ್ದ. ತಮಾಷೆಯ ದನಿಯಲ್ಲೇ. "ನೋಡೋಕೆ ಲಕ್ಷಣವಾಗಿರ್ಬೇಕಲ್ಲಪ್ಪ," ಎಂದಿದ್ದಳು. ನೋಡೋಕೆ ಎಂದು ಯಾರಿಗೆ ಹೇಳುತ್ತಿದ್ದೇನೆಂದು ಆಗ ಹೊಳೆದಿರಲಿಲ್ಲ. ಅವನು ಮತ್ತೆ ಆ ಮಾತೆತ್ತಲಿಲ್ಲ.

ಅದೂ ಹೋಗಲಿ. ಹೋದ ವರ್ಷ ಕೇಂದ್ರ ಕಚೇರಿಯಿಂದ ಒಬ್ಬ ಹುಡುಗಿ ಬಂದು ಎಲ್ಲ ಟೈಪಿಸ್ಟರಿಗೂ ಅರ್ಧ ದಿನ ತರಬೇತಿ ಕೊಟ್ಟಿದ್ದಳು. ಜಾಗ ಬೇಕಾದರೆ ಎಂಟರ್ ಒತ್ತಬೇಡಿ, ಪ್ಯಾರಾದ ಮೇಲೆ ಕೆಳಗೆ ಎಷ್ಟು ಜಾಗ ಎಂದು ಒಂದೇ ಸಲ ಹೇಳಿಬಿಡಿ. ಹೊಸ ಪುಟಕ್ಕೆ ಪುಟ ಕಡಿಯುವ ಆಜ್ಞೆ ಇದೆ. ಅಕ್ಷರ ಬಿಡಿಸಬೇಡಿ. ಚೌಕದೊಳಗೆ ಬರೆಯಬೇಡಿ, ಕಿವಿಯಿಂದ ಓದುವವರಿಗೆ ಅದು ಇಲ್ಲವೇ ಇಲ್ಲ. ಕಡೆಯ ಬೆಂಚಿನಲ್ಲಿ ಕೂತಿದ್ದ ಅಚ್ಚುಕಟ್ಟಮ್ಮ ಪಕ್ಕದವಳ ಕಿವಿಯಲ್ಲಿ, "ನಾನು ಟೈಪು ಕಲಿಯುವಾಗ ಇವಳಮ್ಮ ಲಂಗ ಹಾಕ್ತಿದ್ಲು," ಎಂದಿದ್ದಳು. ಹಾಜರಿ ಹಾಕಿ, ಚಹಾ ಬಂದಾಗ ಎದ್ದು ಹೋಗಿದ್ದಳು.

ಆಮೇಲಿನ ದಿನಗಳಲ್ಲಿ ಅವಳು ಹಿಂದಿನ ಮೆಟ್ಟಿಲಿನಿಂದ ಓಡಾಡತೊಡಗಿದಳು. ಮಧ್ಯಾಹ್ನದ ಊಟಕ್ಕೆ ಕೆಲಸದ ನೆಪ ಹೇಳಿ ಮೇಜಿನಲ್ಲೇ ಡಬ್ಬಿ ಬಿಚ್ಚಿದಳು. ಟಪಾಲು ಗುಮಾಸ್ತ ಸಿಹಿ ಹಂಚಿದ ದಿನ ಆಪರೇಟರ್ ಗೋಡೆ ಹಿಡಿದು ಮೇಲೆ ಬಂದು, ಅವನ ಕೈಯನ್ನು ಹುಡುಕಿ ಹಿಡಿದು ಕುಲುಕಿದ್ದನ್ನು ದೂರದಿಂದ ಕಂಡಳು. ಅಂದು ಅವಳ ಮನಸ್ಸು ತಾನಾಗಿಯೇ ಲೆಕ್ಕ ಮಾಡಿಕೊಂಡಿತ್ತು: ಎಪ್ಪತ್ತೈದಕ್ಕೆ ಐವತ್ನಾಲ್ಕು. ಮೊದಲ ಮೂರು ಭಾಗದಲ್ಲಿ ಅಷ್ಟು ತೆಗೆದವರು ಏಳು ಜನರಲ್ಲಿ ಬೇರೆ ಯಾರೂ ಇರಲಿಲ್ಲ.

ಕಂಪ್ಯೂಟರಿನಲ್ಲಿ ಕಾಣದ ಗುರುತುಗಳನ್ನು ಕಾಣಿಸುವ ಒಂದು ಗುಂಡಿ ಇದೆಯೆಂದು ಆ ಹುಡುಗಿ ತೋರಿಸಿದ್ದು ನೆನಪಾಗಿ, ಒಂದು ದಿನ ಅದನ್ನು ಒತ್ತಿದಳು. ಅವಳ ಚೊಕ್ಕ ಪುಟದ ಬಿಳಿಯೆಲ್ಲ ಒಮ್ಮೆಗೇ ತುಂಬಿಕೊಂಡಿತು. ಜಾಗ ಜಾಗಕ್ಕೂ ಒಂದು ಚುಕ್ಕಿ, ಎಂಟರ್ ಒತ್ತಿದ ಕಡೆಯೆಲ್ಲ ಒಂದು ಕೊಂಡಿ. ಸಕ್ಕರೆ ಡಬ್ಬಿಯೊಳಗೆ ಇರುವೆ ಕಂಡಂತಾಯಿತು. ಮತ್ತೆ ಗುಂಡಿ ಒತ್ತಿ ಎಲ್ಲವನ್ನೂ ಮರೆಮಾಡಿದಳು. ಪಕ್ಕದ ಮೇಜಿನವಳು ನೋಡಿದಳೇನೋ ಎಂದು ಕತ್ತು ತಿರುಗಿಸಿದಳು.

ಹದಿನೈದನೇ ದಿನ ಶುಕ್ರವಾರ ಬಿತ್ತು. ಸಂಜೆ ಐದಾದಾಗ ಅವಳ ಎದೆ ಒಂದಿಷ್ಟು ಹಗುರವಾಯಿತು. ಇನ್ನು ಯಾರೂ ಕೇಳಲಾರರು. ಹಾಗೆ ಹಗುರವಾಯಿತಲ್ಲ, ಅದೇ ಅವಳಿಗೆ ಬಸ್ಸಿನಲ್ಲಿ ಕೂತ ಮೇಲೆ ಚುಚ್ಚತೊಡಗಿತು.

ಅವಳ ಗಂಡನಿಗೆ ಮನೆಯ ಮುಂಭಾಗದಲ್ಲೇ ಹೊಲಿಗೆ ಅಂಗಡಿ. ಭಾನುವಾರ ಬೆಳಿಗ್ಗೆ ಅವನು ಮೇಜಿನ ಮೇಲೆ ಬಟ್ಟೆ ಹರಡಿ ಸುಣ್ಣದ ಕಡ್ಡಿಯಿಂದ ಗುರುತು ಹಾಕುತ್ತಿದ್ದಾಗ ಅವಳು ಬಾಗಿಲಲ್ಲಿ ನಿಂತಳು.

"ರೀ, ಗಿರಾಕಿ ಬಟ್ಟೆನ ತಪ್ಪಾಗಿ ಕತ್ತರಿಸಿಬಿಟ್ರೆ ಏನ್ ಮಾಡ್ತೀರಿ?"

"ಹೇಳ್ತೀನಿ."

"ಬೈದ್ರೆ?"

"ಬೈಯೋ ಮುಂಚೆ ಒಂದು ದಿನ ಊಟ ಸೇರಲ್ಲ. ಬೈದ ಮೇಲೆ ಸೇರುತ್ತೆ." ಅವನು ತಲೆಯೆತ್ತಲಿಲ್ಲ.

"ಹೇಳದೇ ಮುಚ್ಚಿಟ್ಟಿದ್ದು ಇದೆಯಾ?"

ಅವನು ಸುಣ್ಣದ ಕಡ್ಡಿ ಕೆಳಗಿಟ್ಟ. "ಒಂದ್ಸಲ. ಒಬ್ಬರ ಕೋಟು. ಬಟ್ಟೆನೇ ಸಾಲ್ಲಿಲ್ಲ ಅಂದೆ. ಅವರು ನಂಬಿದ್ರು, ಪಾಪ, ಇನ್ನೂ ಒಂದು ಮೀಟರ್ ತಂದುಕೊಟ್ರು. ಈಗ್ಲೂ ಅವರು ಎದುರಿಗೆ ಬಂದ್ರೆ ನಾನು ರಸ್ತೆ ದಾಟ್ತೀನಿ. ಅವರು ಆ ಕಡೆಯಿಂದ ಚೆನ್ನಾಗಿದೀರಾ ಅಂತಾರೆ." ಆಮೇಲೆ ಅವಳ ಕಡೆ ನೋಡಿ ಕೇಳಿದ: "ಏನ್ ಕತ್ತರಿಸಿದೆ?"

ಅವಳು ಹೇಳಿದಳು. ಅವನು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ, "ಆ ಅರ್ಜಿ ಬೇಡ ಅಂದಿದ್ದು ಯಾಕೆ?" ಎಂದಷ್ಟೇ ಕೇಳಿದ. ಉತ್ತರ ಅವನಿಗೂ ಗೊತ್ತಿತ್ತು.

ಸೋಮವಾರ ಹತ್ತೂವರೆಗೆ ಅವಳು ಸೂಪರಿಂಟೆಂಡೆಂಟರ ಮುಂದೆ ನಿಂತಳು. ಅವರು ಎಲ್ಲ ಕೇಳಿ ಕನ್ನಡಕ ತೆಗೆದು ಮೂಗು ಉಜ್ಜಿಕೊಂಡರು.

"ಇದನ್ನ ನೀವಾಗಿ ಹೇಳದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ, ಅಲ್ವೇ?"

"ಹೌದು ಸಾರ್."

"ಮತ್ತೆ ಯಾಕೆ ಹೇಳಿದ್ರಿ?"

ಅವಳು ಮೇಜಿನ ಮೇಲಿದ್ದ ಕಡತದ ಅಂಚನ್ನು ಸರಿಮಾಡಿದಳು.

"ಫೈಲನ್ನ ಒಂದ್ಸಲ ಅವನ ಯಂತ್ರದಲ್ಲಿ ಹಾಕಿ ಕೇಳ್ಬೇಕು ಅಂತ ನನಗೂ ಹೊಳೀಲಿಲ್ಲ," ಎಂದರು ಅವರು, ಕಿಟಕಿಯ ಕಡೆ ನೋಡುತ್ತ. "ಶುಕ್ರವಾರ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು. ಆ ಭಾಗ ಒಂದನ್ನೇ ಮತ್ತೆ ಬರೆಸಬಹುದಿತ್ತು. ಈಗ ಅವಧಿ ಮುಗೀತು. ನೇಮಕದ ಆದೇಶವೂ ಇವತ್ತು ಬೆಳಿಗ್ಗೆ ಹೋಯ್ತು. ನೀವೇ ಟೈಪ್ ಮಾಡಿದ್ರಲ್ಲ?"

ಹೌದು. ಬೆಳಿಗ್ಗೆ ಒಂಬತ್ತು ಮುಕ್ಕಾಲಿಗೆ ಅವಳೇ ಮಾಡಿದ್ದಳು. ಸಾಲು ಸರಿಯಿದೆಯೇ ಎಂದು ಕಿಟಕಿಗೆ ಹಿಡಿದು ನೋಡಿಯೂ ಇದ್ದಳು.

"ಬರೆದು ಕೊಡಿ," ಎಂದರು. "ಮೇಲಕ್ಕೆ ಕಳಿಸ್ತೀನಿ. ನಿಮಗೊಂದು ಮೆಮೊ ಬರುತ್ತೆ. ಅವನಿಗೆ ಏನೂ ಬರಲ್ಲ. ಅವನು ಬರೋ ವರ್ಷ ಬರೀಬೇಕು."

ಅವಳು ಅಲ್ಲೇ ಕೂತು ಕೈಯಲ್ಲೇ ಬರೆದುಕೊಟ್ಟಳು. ಟೈಪ್ ಮಾಡುವ ಧೈರ್ಯವಿರಲಿಲ್ಲ.

ಆಪರೇಟರನ ಕೋಣೆಯ ಬಾಗಿಲಲ್ಲಿ ಅವಳು ಗಂಟಲು ಸರಿಮಾಡಿಕೊಳ್ಳುವ ಮೊದಲೇ ಅವನು, "ಬನ್ನಿ ಅಕ್ಕಾ, ಬಹಳ ದಿನ ಆಯ್ತು," ಎಂದ. ಅವಳ ಚಪ್ಪಲಿಯ ಸದ್ದು ಅವನಿಗೆ ಹಿಂದಿನ ಮೆಟ್ಟಿಲಿನಿಂದಲೂ ಕೇಳುತ್ತಿತ್ತೇನೋ.

"ಆ ಪೇಪರ್ ಟೈಪ್ ಮಾಡಿದ್ದು ನಾನೇ ಕಣಪ್ಪ."

"ಗೊತ್ತು."

ಅವಳು ಬಾಗಿಲಿನ ಅಂಚು ಹಿಡಿದುಕೊಂಡಳು. "ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಅಕ್ಷರ ಬಿಡಿಸಿ ಬಿಡಿಸಿ ತಲೆಬರಹ ಹಾಕೋರು ಈ ಆಫೀಸಲ್ಲಿ ನೀವೊಬ್ರೇ. ಭಾ, ಗ, ಒಂ, ದು. ಪರೀಕ್ಷೆ ದಿನ ಅದನ್ನ ಕೇಳಿದಾಗ ನನಗೆ ಖುಷಿ ಆಯ್ತು, ಗೊತ್ತಾ. ನಮ್ಮಕ್ಕ ಮಾಡಿದ ಪೇಪರು ಅಂತ."

"ಮತ್ತೆ ಅವತ್ತು ಯಾರು ಮಾಡಿದ್ದು ಅಂತ ಕೇಳಿದೆಯಲ್ಲ."

"ನೀವು ಹೇಳ್ತೀರಿ ಅಂತ ಕೇಳಿದೆ."

ಕರೆ ಬಂತು. ಅವನು ಹೆಡ್‌ಫೋನನ್ನು ಎಡಗಿವಿಯಿಂದ ಬಲಗಿವಿಗೆ ಜಾರಿಸಿ, ಎಂದಿನ ನಯವಾದ ದನಿಯಲ್ಲಿ, "ಒಂದು ನಿಮಿಷ ಸಾರ್, ಕೊಡ್ತೀನಿ," ಎಂದು ದಾಟಿಸಿದ.

"ಅರ್ಜಿ ಕೊಡಲಾ ಅಂತ ನನ್ನನ್ನ ಯಾಕೆ ಕೇಳಿದೆ?" ಎಂದಳು ಅವಳು. ಕೇಳಬಾರದಿತ್ತು ಎಂದು ಕೇಳಿದ ಮೇಲೆ ತಿಳಿಯಿತು.

"ಕೊಟ್ರೆ ನಿಮ್ಮ ಹೆಸರು ಹೊರಗೆ ಬರುತ್ತಲ್ಲ. ಹದಿನೆಂಟು ವರ್ಷ ಅಕ್ಕಾ ಅಂದಿದೀನಿ. ನಿಮ್ಮನ್ನ ಕೇಳದೇ ಹೇಗೆ ಕೊಡ್ಲಿ?"

ಕೂರಲು ಅಲ್ಲಿ ಜಾಗವಿರಲಿಲ್ಲ. ಇವತ್ತು ಬೆಳಿಗ್ಗೆ ಸಾಹೇಬರ ಹತ್ತಿರ ಹೇಳಿಬಂದೆ ಎಂದಳು. ಬರೆದುಕೊಟ್ಟೆ ಎಂದಳು. ಅವಧಿ ಮುಗಿದಿದೆಯಂತೆ ಎಂದಳು.

"ಶುಕ್ರವಾರ ಮುಗೀತು," ಎಂದ ಅವನು. "ನಾನೂ ಐದು ಗಂಟೆವರೆಗೂ ಕಾದೆ. ಏನಾದ್ರೂ ನೀವು ಇಳಿದು ಬರ್ತೀರೇನೋ ಅಂತ."

ಅವನ ಮುಖದಲ್ಲಿ ಸಿಟ್ಟು ಇತ್ತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಅವನು ಅಂಗೈಯನ್ನು ಕಿವಿಗೆ ಒತ್ತಿಕೊಂಡ.

"ನನಗೆ ಇವತ್ತು ಮಾತಾಡೋಕೆ ಮನಸ್ಸಿಲ್ಲ. ನೀವು ಹೋಗಿ. ಫೋನು ಬರ್ತಿರುತ್ತೆ."

ಮೆಮೊ ಎರಡು ತಿಂಗಳ ಮೇಲೆ ಬಂತು. ಅದರ ಹಿಂದೆಯೇ, ಕಚೇರಿಯ ಎಲ್ಲ ನಮೂನೆಗಳನ್ನೂ ಕಿವಿಯಿಂದ ಓದಲು ಬರುವಂತೆ ತಿದ್ದಬೇಕೆಂಬ ಆದೇಶವೂ ಬಂತು. ಅಚ್ಚುಕಟ್ಟಮ್ಮ ಕೇಂದ್ರ ಕಚೇರಿಯ ಆ ಹುಡುಗಿಗೆ ತಾನೇ ಫೋನು ಮಾಡಿದಳು. "ಹೋದ ಸಲ ನಾನು ಅರ್ಧಕ್ಕೇ ಎದ್ದು ಹೋಗಿದ್ದೆ ಕಣಮ್ಮ. ಮೊದಲಿಂದ ಹೇಳ್ತೀಯಾ?" ಹುಡುಗಿಗೆ ನೆನಪಿರಲಿಲ್ಲ. ಮೂರು ಶನಿವಾರ ಬಂದು ಪಕ್ಕದಲ್ಲಿ ಕೂತು ಕಲಿಸಿದಳು. ಬೆರಳು ಮಾತ್ರ ಮಾತು ಕೇಳುತ್ತಿರಲಿಲ್ಲ. ಶೀರ್ಷಿಕೆ ಬಂದೊಡನೆ ಉದ್ದ ಕೀಲಿಗೆ ಹೋಗುತ್ತಿತ್ತು, ಸಹಿಯ ಜಾಗಕ್ಕೆ ಬಂದೊಡನೆ ಎಂಟರ್ ಕೀಲಿಗೆ. ತಪ್ಪಿದಾಗಲೆಲ್ಲ ಅವಳು ಅತ್ತಿತ್ತ ನೋಡಿ ಅಳಿಸುತ್ತಿದ್ದಳು.

ತಿದ್ದಿದ್ದನ್ನೆಲ್ಲ ಆಪರೇಟರಿಗೆ ಕಳಿಸುತ್ತಿದ್ದಳು. ಅವನು ಕೇಳಿ ನೋಡಿ ಒಳಸಂಪರ್ಕದ ಫೋನಿನಲ್ಲಿ ಹೇಳುತ್ತಿದ್ದ. "ಸರಿಯಾಗಿದೆ, ಮೇಡಂ." "ಎರಡನೇ ಪುಟದ ಪಟ್ಟಿ ಕಲಸಿಹೋಗಿದೆ, ಮೇಡಂ." ಮೊದಲ ಸಲ ಆ ಮೇಡಂ ಕೇಳಿದಾಗ ಅವಳು ಬೇರೆ ಯಾರಿಗೋ ಹೋಗಬೇಕಿದ್ದ ಕರೆ ತನಗೆ ಬಂತೇನೋ ಎಂದುಕೊಂಡಿದ್ದಳು. ಅವನ ಮಾತಿನಲ್ಲಿ ಕಹಿಯಿರಲಿಲ್ಲ. ಎಲ್ಲರೊಂದಿಗೆ ಮಾತಾಡುವಂತೆ ಮಾತಾಡುತ್ತಿದ್ದ. ಒಂದು ಮಧ್ಯಾಹ್ನ ಅವಳು ಧೈರ್ಯ ಮಾಡಿ, "ಕಿವಿ ಹೇಗಿದೆ?" ಎಂದು ಕೇಳಿದಳು. "ಬಲಗಡೆ ಚೆನ್ನಾಗಿದೆ, ಮೇಡಂ," ಎಂದ.

ಮುಂದಿನ ವರ್ಷದ ಪರೀಕ್ಷೆಗೆ ಪ್ರಶ್ನೆಪತ್ರಿಕೆಯನ್ನು ಬೇರೆಯವರಿಂದ ಮಾಡಿಸಿ ಎಂದು ಅವಳು ಸೂಪರಿಂಟೆಂಡೆಂಟರನ್ನು ಬೇಡಿಕೊಂಡಳು. "ಈಗ ಸರಿಯಾಗಿ ಮಾಡೋದು ಗೊತ್ತಿರೋದು ನಿಮಗೊಬ್ರಿಗೇ," ಎಂದರು ಅವರು. ಬಾಗಿಲು ಹಾಕಿಕೊಂಡು ಟೈಪ್ ಮಾಡಿ, ಅದೇ ದನಿಯನ್ನು ತರಿಸಿ, ಮೊದಲಿನಿಂದ ಕೊನೆಯವರೆಗೆ ನಾಲ್ಕು ಸಲ ಕೇಳಿದಳು. ಎಲ್ಲಿಯೂ ಖಾಲಿ ಎಂಬ ಮಾತು ಬರಲಿಲ್ಲ. ಕೊನೆಯ ಪ್ರಶ್ನೆಯ ಕೆಳಗೆ "ಪ್ರಶ್ನೆಪತ್ರಿಕೆ ಇಲ್ಲಿಗೆ ಮುಗಿಯಿತು" ಎಂಬ ಸಾಲು ಸೇರಿಸಿದಳು.

ಪರೀಕ್ಷೆಯ ದಿನ ಅವಳಿಗೆ ಆ ಕಡೆ ಕೆಲಸವಿರಲಿಲ್ಲ. ಆದರೂ ಹನ್ನೆರಡೂವರೆಯ ಹೊತ್ತಿಗೆ ಕಡತವೊಂದನ್ನು ಎದೆಗವಚಿಕೊಂಡು ಓಣಿಯ ಕಡೆ ಹೋದಳು. ಬಾಗಿಲಿನ ಗಾಜಿನಿಂದ ಒಳಗಿನದು ಕಾಣುತ್ತಿತ್ತು. ಬರೆಯುತ್ತಿದ್ದ ಐದು ಮಂದಿಯಲ್ಲಿ ನಾಲ್ವರು ಎದ್ದು ಹೋಗಿದ್ದರು. ಮೂಲೆಯ ಮೇಜಿನಲ್ಲಿ ಆಪರೇಟರ್ ಒಬ್ಬನೇ ಕೂತಿದ್ದ, ಹೆಡ್‌ಫೋನು ಬಲಗಿವಿಯ ಮೇಲೆ ಓರೆಯಾಗಿತ್ತು. ಉತ್ತರ ಬರೆದು ಮುಗಿದಿತ್ತೆಂದು ಕಾಣುತ್ತದೆ, ಅವನ ಎಡಗೈ ಸುಮ್ಮನೆ ತೊಡೆಯ ಮೇಲಿತ್ತು. ಬಲಗೈಯ ಒಂದು ಬೆರಳು ಮಾತ್ರ ಕೆಳಮುಖ ಬಾಣದ ಕೀಲಿಯನ್ನು ಒತ್ತುತ್ತಿತ್ತು. ಒತ್ತಿ, ತಲೆ ವಾಲಿಸಿ ಕೇಳಿ, ಮತ್ತೆ ಒತ್ತುತ್ತಿತ್ತು. ಪರದೆ ಅವಳು ನಿಂತ ಕಡೆಗೇ ತಿರುಗಿತ್ತು. ಅದರ ಮೇಲೆ ಮುಗಿಯಿತು ಎಂಬ ಸಾಲು, ಅದರ ಕೆಳಗೆ ಏನೂ ಇಲ್ಲ. ಮೇಲ್ವಿಚಾರಕ ಗಡಿಯಾರ ನೋಡಿಕೊಂಡು ಏನೋ ಹೇಳಿದ. ಅವನು ತಲೆಯಾಡಿಸಿದ. ಬೆರಳು ಕೀಲಿಯ ಮೇಲೆ ಇನ್ನೂ ಏಳುತ್ತ ಇಳಿಯುತ್ತ ಇತ್ತು.